ಪಡಸಾಲೆ ಕೊಟ್ಟ ಅಜ್ಜಿಗೆ, ನಮ್ಮೂರಿನ ಎಲ್ಲರಿಗೆ

ಇವತ್ತು ಸೋಮವಾರ. ನಮ್ಮ ಅಂಗನವಾಡಿ ಮತ್ತೆ ತನ್ನ ಕಟ್ಟಡಕ್ಕೆ ಬಂತು. ಗಾರೆಯ ಹಸಿ ವಾಸನೆ ಇನ್ನೂ ಹೋಗಿಲ್ಲ. ಮಕ್ಕಳು ಒಳಗೆ ಬಂದವರೇ ಮೊದಲು ತಲೆ ಎತ್ತಿ ಚಾವಣಿ ನೋಡಿದರು. "ಮಿಸ್, ಇನ್ನು ಸೋರಲ್ವಾ?" ಅಂತ ಒಬ್ಬ ಕೇಳಿದ. ಸೋರಲ್ಲ ಕಂದ ಅಂದೆ. ಹಾಗೆ ಹೇಳುವ ಧೈರ್ಯ ಬಂದದ್ದು ನಿಮ್ಮೆಲ್ಲರಿಂದ. ಎದುರು ಸಿಕ್ಕವರಿಗೆಲ್ಲ ಬಾಯಲ್ಲಿ ಹೇಳಿದೆ. ಅದು ಸಾಲದು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಆ ಶನಿವಾರ ರಾತ್ರಿ ಸುರಿದ ಮಳೆ ಎಲ್ಲರಿಗೂ ನೆನಪಿದೆ. ಭಾನುವಾರ ಬೆಳಿಗ್ಗೆ ಸಹಾಯಕಿ ಅಕ್ಕ ಬೀಗ ತೆಗೆದು ನೋಡಿ ಓಡಿ ಬಂದರು. ಮಕ್ಕಳು ದಿನಾ ಕೂರುವ ಜಾಗದಲ್ಲೇ ಚಾವಣಿಯ ಗಾರೆ ಕಳಚಿ ಬಿದ್ದಿತ್ತು. ಚಾಪೆ ನೆನೆದು ಮುದ್ದೆಯಾಗಿತ್ತು. ಗೋಡೆಗೆ ಅಂಟಿಸಿದ್ದ ಚಿತ್ರಗಳಿಂದ ಬಣ್ಣ ಇಳಿಯುತ್ತಿತ್ತು. ಭಾನುವಾರವಾಗಿದ್ದಕ್ಕೆ ಒಳಗೆ ಯಾರೂ ಇರಲಿಲ್ಲ. ಆ ಗಾರೆಯ ಹೆಂಟೆಗಳನ್ನು ಕೈಯಲ್ಲಿ ಎತ್ತಿ ಹಾಕುವಾಗ ನನ್ನ ಕೈ ನಡುಗುತ್ತಿತ್ತು. ಒಂದು ವಾರ ರಜೆ ಕೊಟ್ಟುಬಿಡೋಣ ಅಂದುಕೊಂಡೆ. ಆದರೆ ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಎಲ್ಲಿ ಬಿಡಬೇಕು?

ಆಗ ಬಂದವರು ಮೂಲೆ ಮನೆ ಅಜ್ಜಿ. "ನಮ್ಮ ಪಡಸಾಲೆ ಸುಮ್ನೆ ಬಿದ್ದೈತೆ. ಕರ್ಕಂಡ್ ಬಾ" ಅಂದರು. ಅಷ್ಟೇ ಮಾತು. ಬಾಡಿಗೆ ಕೇಳಲಿಲ್ಲ, ಎಷ್ಟು ದಿನ ಅಂತ ಕೇಳಲಿಲ್ಲ. ನಾನು ಹೋಗುವಷ್ಟರಲ್ಲಿ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು.

ಅಜ್ಜಿಯದು ಹಳೇ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ನಾಲ್ಕು ಮೂಲೆಗೆ ಮರದ ಕಂಬ. ಮಕ್ಕಳು ಒಳಗೆ ಕಾಲಿಟ್ಟಾಗಲೇ ಮಳೆ ಶುರುವಾಯಿತು. ಮನೆಯೊಳಗೇ ಮಳೆ ಬೀಳುವುದನ್ನು ಅವರು ಎಂದೂ ನೋಡಿರಲಿಲ್ಲ. ಹತ್ತೊಂಬತ್ತು ಮಕ್ಕಳು ಬಾಯಿ ತೆರೆದು ನಿಂತುಬಿಟ್ಟರು. ಆ ವಾರಕ್ಕೆ ನಾನು ಬೇರೆ ಏನೋ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ವಾರವಿಡೀ ಮಳೆಯನ್ನೇ ಕಲಿಯೋಣ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಅಜ್ಜಿ ತೊಟ್ಟಿಯ ತೂಬಿಗೆ ಹಳೇ ಬಟ್ಟೆ ತುರುಕಿ ನೀರು ನಿಲ್ಲಿಸಿಕೊಟ್ಟರು. ಯಾವುದು ತೇಲುತ್ತೆ, ಯಾವುದು ಮುಳುಗುತ್ತೆ ನೋಡೋಣ ಅಂದೆ. ಮೊದಲು ಹೇಳಬೇಕು, ಆಮೇಲೆ ಹಾಕಬೇಕು. ಮೊಳೆ ಚಿಕ್ಕದು, ಅದು ತೇಲುತ್ತೆ ಅಂದರು. ಸಿಪ್ಪೆ ಬಿಡಿಸದ ತೆಂಗಿನಕಾಯಿ ದೊಡ್ಡದು, ಅದು ಮುಳುಗುತ್ತೆ ಅಂದರು. ಎರಡೂ ತಿರುಗುಮುರುಗಾಯಿತು. ಬದನೆಕಾಯಿ ತೇಲಿತು, ಆಲೂಗಡ್ಡೆ ಮುಳುಗಿತು. ಯಾಕೆ ಅಂತ ನಾನು ಹೇಳಿಕೊಡಲಿಲ್ಲ. ಈ ವಯಸ್ಸಿಗೆ ಉತ್ತರಕ್ಕಿಂತ "ಅರೆ!" ಅನ್ನೋದು ಮುಖ್ಯ ಅಂತ ನನ್ನ ನಂಬಿಕೆ. ಮಾರನೇ ದಿನ ಒಬ್ಬ ಹುಡುಗ ಜೇಬಿನ ತುಂಬ ಮನೆಯ ಸಾಮಾನು ತುಂಬಿಕೊಂಡು ಬಂದ. ಅದರಲ್ಲಿ ಅವರಮ್ಮನ ಬೀಗದ ಕೈಯೂ ಇತ್ತು. ಆ ತಾಯಿಗೆ ಬೆಳಿಗ್ಗೆಯೆಲ್ಲ ಹುಡುಕಾಟ. ಆದರೂ ಒಂದು ಮಾತು ಬೈಯದೆ, ಅದು ಮುಳುಗುವುದನ್ನು ಮಗನ ಜೊತೆ ನಿಂತು ನೋಡಿ ಹೋದರು. ಅವರಿಗೆ ವಿಶೇಷ ವಂದನೆ.

ಕುಂಬಾರಣ್ಣನಿಗೆ ಎಷ್ಟು ಹೇಳಿದರೂ ಕಡಿಮೆ. ಕಲ್ಲು ಆರಿಸಿ, ತುಳಿದು ಹದ ಮಾಡಿದ ಮಣ್ಣು ಎರಡು ಬಕೆಟ್ ತಂದುಕೊಟ್ಟರು. ಮಳೆಗಾಲದಲ್ಲಿ ಅವರ ಕೆಲಸವೇ ನಿಂತಿರುತ್ತೆ, ಆ ಮಣ್ಣಿನ ಬೆಲೆ ಅವರಿಗೆ ಗೊತ್ತು. ಮಕ್ಕಳು ಉಂಡೆ ಕಟ್ಟಿದರು, ಹೊಸೆದು ಹಾವು ಮಾಡಿದರು, ಹಾವನ್ನು ಸುತ್ತಿ ಬಟ್ಟಲು ಮಾಡಿದರು.

ಆ ಹೊತ್ತಿಗೆ ಪೆಟ್ಟಿಗೆ ಅಂಗಡಿಯ ಅಣ್ಣ ಮಗನನ್ನು ಕರೆದುಕೊಂಡು ಹೋಗಲು ಬಂದರು. ಮುಖದಲ್ಲಿ ಬೇಸರ ಕಾಣುತ್ತಿತ್ತು. "ಮಿಸ್, ಕಾನ್ವೆಂಟ್ ಮಕ್ಕಳು ಇಷ್ಟೊತ್ತಿಗೆ ಎಬಿಸಿಡಿ ಬರೀತಾವೆ. ನಮ್ಮವನು ಮಣ್ಣಾಡ್ತಾ ಕೂತವ್ನೆ" ಅಂದರು. ಈ ಮಾತನ್ನು ತುಂಬ ಜನ ಮನಸ್ಸಲ್ಲಿ ಇಟ್ಟುಕೊಂಡಿರುತ್ತಾರೆ. ಅವರು ಬಾಯಿಬಿಟ್ಟು ಕೇಳಿದ್ದೇ ಒಳ್ಳೆಯದಾಯಿತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗನ ಕೈ ತೋರಿಸಿದೆ. ಬಳಪ ಹಿಡಿಯಲು ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ಆ ಬಲ ಬರುವುದು ಮಣ್ಣು ಚಿವುಟಿ, ಮಣಿ ಪೋಣಿಸಿ, ಗುಂಡಿ ಹಾಕಿ ತೆಗೆದು. ಅದಕ್ಕೆ ಮುಂಚೆ ಬಳಪ ಕೊಟ್ಟರೆ ಮಗು ಮುಷ್ಟಿಯಲ್ಲಿ ಹಿಡಿದು ಒತ್ತುತ್ತೆ, ಕೈ ನೋಯುತ್ತೆ, ಬರೆಯೋದೇ ಬೇಡ ಅನ್ನಿಸುತ್ತೆ. ಅಕ್ಷರ ಬೇಡ ಅಂತ ನಾನು ಹೇಳುತ್ತಿಲ್ಲ ಅಣ್ಣ, ಅಕ್ಷರಕ್ಕೆ ಬೆರಳು ಹದ ಮಾಡುತ್ತಿದ್ದೇನೆ ಅಂದೆ.

ಅವರು ಏನೂ ಹೇಳಲಿಲ್ಲ. ಮಾರನೇ ದಿನ ಒಂದು ಚೀಲ ತಂದು ಕೈಗಿಟ್ಟರು. ಸೋಡಾ, ಜ್ಯೂಸ್ ಬಾಟಲಿಗಳ ಮುಚ್ಚಳ, ಎಲ್ಲ ತೊಳೆದು ಒಣಗಿಸಿದ್ದು. "ಬಣ್ಣ ಬಣ್ಣದ್ದು ಅವೆ, ಆಡ್ಸಿ" ಅಂದರು. ಮುಚ್ಚಳ ತಿರುಗಿಸಿ ತೆಗೆಯಲಿ ಅಂತ ನಾಲ್ಕು ಖಾಲಿ ಬಾಟಲಿಯೂ ಜೊತೆಗಿದ್ದವು. ನಿನ್ನೆ ಹೇಳಿದ್ದನ್ನು ಅವರು ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದರು ಅಂತ ಆಗ ಗೊತ್ತಾಯಿತು. ಅಣ್ಣಾ, ಆ ಚೀಲ ನಮ್ಮ ಬೀರುವಿನಲ್ಲಿ ಜೋಪಾನವಾಗಿದೆ.

ಈ ವಾರ ನಾನು ಜಾಸ್ತಿ ಕಲಿತದ್ದು ಅಜ್ಜಿಯಿಂದಲೇ. ನಮ್ಮಲ್ಲಿ ಒಬ್ಬ ಹುಡುಗಿ ಇದ್ದಾಳೆ, ಯಾವಾಗಲೂ ಕೆಂಪು ರಿಬ್ಬನ್. ಇಪ್ಪತ್ತರವರೆಗೂ ರಾಗವಾಗಿ ಎಣಿಸುತ್ತಾಳೆ. ಎಣಿಕೆ ಬಂತು ಅಂತ ನಾನೂ ತಿಳಿದುಕೊಂಡಿದ್ದೆ. ಬುಧವಾರ ಅಜ್ಜಿ ಹುಣಸೆ ಬೀಜ ತಂದು ಸುರಿದು, "ನಂಗೆ ಮೂರು ಕೊಡವ್ವ" ಅಂದರು. ಅವಳು ಒಂದು ಹಿಡಿ ಬಾಚಿ ಕೊಟ್ಟಳು. ಅಜ್ಜಿ ನಕ್ಕು ನನ್ನ ಕಡೆ ತಿರುಗಿ, "ಬಾಯ್ಗೆ ಬಂದೈತೆ, ಕೈಗೆ ಬಂದಿಲ್ಲ" ಅಂದರು. ತರಬೇತಿಯಲ್ಲಿ ಒಂದು ದಿನ ಕೂತು ಕೇಳಿದ ವಿಷಯ ಇದು. ಅಜ್ಜಿ ನಾಲ್ಕು ಪದದಲ್ಲಿ ಹೇಳಿಬಿಟ್ಟರು.

ಆಮೇಲೆ ಅಟ್ಟದಿಂದ ಅಳಗುಳಿ ಮಣೆ ಇಳಿಸಿದರು. ಆ ಕಡೆ ಏಳು ಗುಳಿ, ಈ ಕಡೆ ಏಳು. ಮುಟ್ಟಿ ಮುಟ್ಟಿ ಮರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ದೊಡ್ಡವರ ಆಟ ಆಡಿಸಲಿಲ್ಲ. ಒಂದು ಗುಳಿಗೆ ಒಂದೇ ಬೀಜ, ಒಂದು ಬೀಜಕ್ಕೆ ಒಂದೇ ಸಂಖ್ಯೆ. ಅದಷ್ಟೇ. ಮೊದಲ ದಿನ ಹುಡುಗಿಯ ಬಾಯಿ ಮುಂದೆ ಓಡುತ್ತಿತ್ತು, ಕೈ ಹಿಂದೆ ಉಳಿಯುತ್ತಿತ್ತು. ಅವಸರ ಪಟ್ಟಾಗಲೆಲ್ಲ ಅಜ್ಜಿ ಅವಳ ಬೆರಳ ಮೇಲೆ ತಮ್ಮ ಬೆರಳಿಡುತ್ತಿದ್ದರು. ಬೀಜ ಗುಳಿಗೆ ಬಿದ್ದು ಟಕ್ ಅಂದ ಮೇಲೆಯೇ ಮುಂದಿನ ಸಂಖ್ಯೆ. ಶುಕ್ರವಾರ ಮತ್ತೆ ಮೂರು ಕೇಳಿದರು. ಅವಳು ಒಂದು ಇಟ್ಟಳು. ಇನ್ನೊಂದು ಇಟ್ಟಳು. ಮತ್ತೊಂದು ಇಟ್ಟಳು. ನಾಲ್ಕನೆಯದು ಬೆರಳ ತುದಿಗೆ ಬಂದಿತ್ತು. ಅದನ್ನು ಒಂದು ಕ್ಷಣ ನೋಡಿ, ಮೆಲ್ಲಗೆ ರಾಶಿಗೆ ವಾಪಸ್ ಹಾಕಿದಳು. ನನಗೆ ಕಣ್ಣು ತುಂಬಿ ಬಂತು.

ನಮ್ಮ ತಿ. ನರಸೀಪುರ ತಾಲ್ಲೂಕಿನಲ್ಲೇ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾಗಿದ್ದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಈ ಯೋಜನೆ ಆರಂಭವಾಯಿತು, ಅದರಲ್ಲಿ ನಮ್ಮದೂ ಒಂದು. ಇದನ್ನು ಹೇಳಿದಾಗ ಅಜ್ಜಿ, "ನನ್ ಕಿರೀ ಮಗ್ಳು ಆಗ ಹೋಯ್ತಿದ್ಲು. ಕಟ್ಟಡ ಎಲ್ಲಿತ್ತು? ಗುಡಿ ಜಗಲಿ ಮೇಲೆ ಕೂರಿಸ್ಕೋತಿದ್ರು" ಅಂದರು. ಜಗಲಿಯಿಂದ ಶುರುವಾದದ್ದು ಒಂದು ವಾರ ಮತ್ತೆ ಪಡಸಾಲೆಗೆ ಬಂತು ಅಂದುಕೊಂಡಾಗ ಮನಸ್ಸಿನ ಭಾರ ಎಷ್ಟೋ ಇಳಿಯಿತು.

ಗುರುವಾರ ಅಜ್ಜಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದರು. ಮಳೆಗೆ ಕಾಗಕ್ಕನ ಮನೆ ಕರಗಿ ಹೋಗಿ, ಗುಬ್ಬಕ್ಕನ ಬಾಗಿಲು ತಟ್ಟುತ್ತಲ್ಲ, ಅದೇ ಕಥೆ. ಗುಬ್ಬಕ್ಕ ಬಾಗಿಲು ತೆಗೆಯದೆ ತಡಿ, ತಡಿ ಅನ್ನುವಾಗ ಒಬ್ಬ ಪುಟ್ಟ ಎದ್ದು ನಿಂತು, "ನಮ್ ಅಜ್ಜಿ ತಕ್ಷಣ ತೆಗುದ್ರು" ಅಂದ. ಕಥೆ ಅಲ್ಲಿಗೇ ನಿಂತಿತು.

ಪಂಚಾಯಿತಿಯವರು ಸಿಮೆಂಟು, ಜಲ್ಲಿ ಕೊಡಿಸಿದರು. ಗಾರೆ ಕೆಲಸದ ಅಣ್ಣಂದಿರು ಮಳೆ ಬಿಟ್ಟ ಹೊತ್ತು ನೋಡಿಕೊಂಡು, ಮೇಲೆ ಟಾರ್ಪಾಲು ಕಟ್ಟಿ ಕೆಲಸ ಮುಗಿಸಿದರು. ಬಾಲವಿಕಾಸ ಸಮಿತಿಯ ತಾಯಂದಿರು ಹೊಸ ಚಾಪೆ ತಂದರು. ಸ್ತ್ರೀಶಕ್ತಿ ಸಂಘದವರು ಗೋಡೆಗೆ ಸುಣ್ಣ ಹೊಡೆದರು. ದರ್ಜಿ ಅಕ್ಕ ಚೂರು ಬಟ್ಟೆಯಲ್ಲಿ ಮಾಡಿಕೊಟ್ಟ ಕೈಗೊಂಬೆಗಳನ್ನು ಮಕ್ಕಳು ಇನ್ನೂ ಬಿಟ್ಟಿಲ್ಲ. ಎಲ್ಲರಿಗೂ ಕೈಮುಗಿದು ವಂದನೆ. ನನ್ನ ಸಹಾಯಕಿ ಅಕ್ಕನ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಒಲೆ, ಪಾತ್ರೆ, ರೇಷನ್ ಎಲ್ಲವನ್ನೂ ತಲೆ ಮೇಲೆ ಹೊತ್ತು ಸಾಗಿಸಿದವರು ಅವರು. ಆರು ದಿನದಲ್ಲಿ ಒಂದು ದಿನವೂ ಮಕ್ಕಳ ಊಟ ಹೊತ್ತು ಮೀರಲಿಲ್ಲ. ಊರಿನವರು ನನ್ನನ್ನು ಹೊಗಳುವಾಗ ಅವರ ಹೆಸರನ್ನೂ ಹೇಳಿ, ದಯವಿಟ್ಟು.

2024ರಲ್ಲಿ ಅಂಗನವಾಡಿ ಮಕ್ಕಳಿಗೆ ಅಂತ ಬಂದ ಆಧಾರಶಿಲಾ ಪಠ್ಯಕ್ರಮದಲ್ಲಿ ಐದು ದಿನದ ಕಲಿಕೆಗೆ ಇನ್ನೊಂದು ದಿನ ಸೇರಿಸಿದ್ದಾರೆ, ಕಲಿತದ್ದನ್ನು ಮತ್ತೆ ಆಡಿ ನೋಡುವುದಕ್ಕೆ. ಶನಿವಾರ ನಾವು ಅದನ್ನೇ ಮಾಡಿದೆವು. ತಾಯಂದಿರು ಬಂದು ಕೂತರು. ಮಕ್ಕಳು ದೋಣಿ ಬಿಟ್ಟು, ಮಣ್ಣಿನ ಬಟ್ಟಲು ತೋರಿಸಿ, ಗೊಂಬೆ ಆಡಿಸಿದರು. ಕೊನೆಗೆ ಅಜ್ಜಿ ಸಿಹಿ ಅವಲಕ್ಕಿ ಕಲಸಿದರು.

ತಟ್ಟೆ ಹಂಚುವ ಕೆಲಸ ಕೆಂಪು ರಿಬ್ಬನ್ನಿನ ಹುಡುಗಿಯದು. ಒಬ್ಬೊಬ್ಬರ ಮುಂದೆ ನಿಂತು, ತಟ್ಟೆ ನೆಲಕ್ಕೆ ತಾಗಿದ ಮೇಲೆ ಸಂಖ್ಯೆ ಹೇಳಿ ಮುಂದೆ ಹೋಗುತ್ತಿದ್ದಳು. ಹತ್ತೊಂಬತ್ತಕ್ಕೆ ಮುಗಿಯಿತು. ಎಲ್ಲರೂ ತಿನ್ನಲು ಶುರು ಮಾಡಿದರು. ಅವಳು ಮಾತ್ರ ಅಡುಗೆ ಮನೆ ಬಾಗಿಲಿಗೆ ವಾಪಸ್ ಬಂದು ಕೈ ಚಾಚಿ ನಿಂತಳು.

"ಏನಮ್ಮಾ?" ಅಂದೆ.

"ಇನ್ನೊಂದು ಬೇಕು ಮಿಸ್. ಅಜ್ಜಿಗಿಲ್ಲ."