ಕಾಲೇಜು ನಾಟಕಕ್ಕೆ ಒಂದೇ ಶೋ ಯಾಕೆ?

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆಯ ಕಾಲೇಜುಗಳಲ್ಲಿ ಈಗ ವಾರ್ಷಿಕೋತ್ಸವದ ಸಮಯ. ಕೆಲವು ಕಡೆ ನಾಟಕಗಳೂ ಆಗುತ್ತಿವೆ, ಸಂತೋಷ. ಆದರೆ ಇಪ್ಪತ್ತು ಹುಡುಗ ಹುಡುಗಿಯರು ಒಂದೂವರೆ ತಿಂಗಳು ತಾಲೀಮು ಮಾಡಿ ಕಟ್ಟಿದ ನಾಟಕವನ್ನು ಒಂದೇ ಒಂದು ಸಲ ಆಡಿಸಿ, ಮದುವೆ ಚಪ್ಪರ ಕಿತ್ತ ಹಾಗೆ ಮಾರನೇ ದಿನವೇ ಎಲ್ಲ ಕಿತ್ತು ಹಾಕುತ್ತಾರಲ್ಲ, ಇದು ಯಾವ ಲೆಕ್ಕ?

ನನ್ನ ಮಗಳು ಬಿ.ಎ. ಓದುತ್ತಾಳೆ. ಈ ಸಲದ ನಾಟಕದಲ್ಲಿ ಅವಳದು ಅಜ್ಜಿ ಪಾತ್ರ. ಸಂಜೆ ಕರೆದುಕೊಂಡು ಬರಲು ಹೋದರೆ ತಾಲೀಮು ಮುಗಿದಿರುತ್ತಲೇ ಇರಲಿಲ್ಲ. ಹಾಗಾಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು ನನಗೂ ರೂಢಿಯಾಯಿತು. ನಿರ್ದೇಶಕರು ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತು ಬಂದ ಹುಡುಗ. ಮೊದಲ ಕೆಲವು ದಿನ ಯಾರನ್ನೂ ಎದ್ದು ನಿಲ್ಲಲು ಬಿಡಲಿಲ್ಲ. ಸುತ್ತ ಕೂರಿಸಿ ಬರೀ ಓದಿಸಿದರು. ಹುಡುಗರಿಗೆ ಬೇಜಾರು. "ಸಾರ್, ಆ್ಯಕ್ಟಿಂಗ್ ಯಾವಾಗ?" ಅಂದರೆ, "ಎದುರಿಗಿರೋನು ಏನಂದ ಅಂತ ಮೊದಲು ಕೇಳಿಸ್ಕೊಳ್ಳಿ, ಆಮೇಲೆ ಏಳೋಣ" ಅನ್ನೋರು.

ಮಗಳು ಅಜ್ಜಿ ಅಂದ ತಕ್ಷಣ ಬೆನ್ನು ಬಗ್ಗಿಸಿ, ಕೈ ನಡುಗಿಸಿ, ದನಿ ಎಳೆದು ಮಾತಾಡಿದಳು. ಅದೆಲ್ಲ ಬಿಡು ಅಂದರು ನಿರ್ದೇಶಕರು. ನಿಮ್ಮ ಮನೇಲಿ ಅಜ್ಜಿ ಇದಾರಾ, ಅವರು ಚಾಪೆಯಿಂದ ಹೇಗೆ ಏಳ್ತಾರೆ ನೋಡ್ಕೊಂಡು ಬಾ ಅಂದರು. ವಾರವಿಡೀ ಅವಳು ನಮ್ಮತ್ತೆಯನ್ನೇ ನೋಡುತ್ತಾ ಕೂತಳು. "ಯಾಕವ್ವಾ, ಹಿಂಗ್ ನೋಡ್ತಿ?" ಅಂತ ಅತ್ತೆಗೂ ಗಾಬರಿ. ಅವರು ಏಳುವಾಗ ಮೊಣಕಾಲಿನ ಮೇಲೆ ಕೈ ಊರುತ್ತಾರೆ, ಅರ್ಧ ಎದ್ದು ನಿಲ್ಲುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ಆಮೇಲೆ ಪೂರ್ತಿ ಏಳುತ್ತಾರೆ. ಆ ನಡುವಿನ ನಿಲ್ಲುವಿಕೆ ನಾಟಕಕ್ಕೆ ಬಂತು. ನಡುಕ ಹೋಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ ನೋಡಿ.

ತಾಲೀಮಿಗೆ ಜಾಗ ಅಂತ ಏನೂ ಇಲ್ಲ. ದಿನಾ ಬೆಂಚು ಎಳೆದು ಗೋಡೆಗೆ ಸೇರಿಸಬೇಕು, ಬಾಗಿಲು ಎಲ್ಲಿ, ವಿಂಗ್ (ನಟರು ಕಾಯುವ ಪಕ್ಕದ ಮರೆ) ಎಲ್ಲಿ ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕಬೇಕು. ಬೆಳಿಗ್ಗೆ ಕಸ ಗುಡಿಸಿದರೆ ಗೆರೆ ಮಾಯ. ಇಂಟರ್ನಲ್ ಪರೀಕ್ಷೆ ಬಂದಾಗ ರೂಮೂ ಇಲ್ಲ, ಸೈಕಲ್ ಸ್ಟ್ಯಾಂಡೇ ಗತಿ. ಜಗಳೂರು ಕಡೆಯಿಂದ, ಮಾಯಕೊಂಡದ ಕಡೆಯಿಂದ ಬರುವ ಹುಡುಗಿಯರಿಗೆ ಬಸ್ಸಿನ ಚಿಂತೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ತೊಂದರೆ ಇಲ್ಲ, ಸರಿ, ಆದರೆ ಊರಿಗೆ ಹೋಗುವ ಕೊನೇ ಬಸ್ಸು ಯಾರಿಗೂ ಕಾಯುವುದಿಲ್ಲ. ಅದಕ್ಕೇ ಅವರ ದೃಶ್ಯಗಳನ್ನು ಮೊದಲು ಮಾಡಿಸಿ ಕಳಿಸೋರು, ಕೊನೇ ದೃಶ್ಯ ಮೊದಲು, ಮೊದಲನೇ ದೃಶ್ಯ ಕೊನೆಗೆ. ನಾಟಕ ಮೊದಲಿಂದ ಕೊನೆವರೆಗೆ ಒಂದೇ ಓಟದಲ್ಲಿ ಆಗಿದ್ದು ಗ್ರ್ಯಾಂಡ್ ರಿಹರ್ಸಲ್ ದಿನವೇ.

ಇನ್ನು ಶೋ ದಿನ. ಆರು ಗಂಟೆಗೆ ಅಂತ ಕಾರ್ಡಿನಲ್ಲಿತ್ತು. ಅತಿಥಿಗಳ ಭಾಷಣ, ಸನ್ಮಾನ, ಬಹುಮಾನ ವಿತರಣೆ ಎಲ್ಲ ಮುಗಿಯೋ ಹೊತ್ತಿಗೆ ಎಂಟು ದಾಟಿತು. ಅರ್ಧ ಜನ ಎದ್ದು ಹೋಗಿದ್ದರು. "ಬೇಗ ಮುಗಿಸಿ" ಅಂತ ವಿಂಗ್‌ಗೆ ಚೀಟಿ ಬಂತಂತೆ. ಹುಡುಗರು ಮಾತನ್ನು ಓಡಿಸತೊಡಗಿದರು. ಒಂದು ಡೈಲಾಗ್‌ಗೆ ಜನ ಜೋರಾಗಿ ನಕ್ಕರು, ತಾಲೀಮಿನಲ್ಲಿ ಕೇಳಿ ಕೇಳಿ ಆ ಮಾತಿಗೆ ಯಾರೂ ನಗುತ್ತಲೇ ಇರಲಿಲ್ಲ, ಹಾಗಾಗಿ ಆ ಹುಡುಗನಿಗೆ ನಗು ಬರುತ್ತೆ ಅನ್ನೋ ಅಂದಾಜೇ ಇಲ್ಲ. ನಗುವಿನ ಮೇಲೆಯೇ ಮುಂದಿನ ಮಾತು ಆಡಿಬಿಟ್ಟ. ಕಥೆಗೆ ಮುಖ್ಯವಾದ ಮಾತು, ಯಾರಿಗೂ ಕೇಳಿಸಲಿಲ್ಲ. ನಗು ಅರ್ಧ ಇಳಿಯೋವರೆಗೆ ಕಾಯಬೇಕು ಅನ್ನೋದನ್ನು ಯಾವ ನಿರ್ದೇಶಕರೂ ಖಾಲಿ ರೂಮಿನಲ್ಲಿ ಕಲಿಸಲು ಆಗಲ್ಲ, ಅಲ್ವಾ? ಎರಡನೇ ಶೋ ಇದ್ದಿದ್ದರೆ ಅವನು ಖಂಡಿತ ಕಾಯುತ್ತಿದ್ದ.

ಇದನ್ನು ದಾವಣಗೆರೆಯವರಿಗೆ ಹೇಳಬೇಕಾಗಿ ಬಂದಿದ್ದೇ ವಿಚಿತ್ರ. ಕಂಪನಿ ನಾಟಕದ ಊರು ನಮ್ಮದು. ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು, 1988ರಲ್ಲಿ ಪದ್ಮಶ್ರೀ ಪಡೆದ ರಂಗನಟಿ ಚಿಂದೋಡಿ ಲೀಲಾ ನಮ್ಮವರು. ಕಂಪನಿಗಳು ಒಂದೂರಲ್ಲಿ ಟೆಂಟ್ ಹಾಕಿದರೆ ಒಂದೇ ನಾಟಕವನ್ನು ಜನ ಬರೋವರೆಗೂ ಆಡುತ್ತಿದ್ದವು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೀಬೇಕು ಅನ್ನೋದನ್ನು ನಟರಿಗೆ ಜನರೇ ಕಲಿಸುತ್ತಿದ್ದರು. ಅದು ಹಳೇ ಕಾಲ ಅನ್ನಬೇಡಿ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಿಂದ ಶಿವಸಂಚಾರ ಅನ್ನೋ ನಾಟಕ ತಂಡ 1997ರಲ್ಲಿ ಶುರುವಾಯಿತು. ಅವರು ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಊರೂರು ತಿರುಗುವ ತಂಡ 'ತಿರುಗಾಟ' ಅದಕ್ಕೂ ಹಿಂದಿನದು, 1985ರದ್ದು.

ಕಾಲೇಜಿನವರನ್ನು ಕೇಳಿದರೆ ದುಡ್ಡಿಲ್ಲ ಅಂತಾರೆ. ದೊಡ್ಡ ಖರ್ಚೆಲ್ಲ ಮೊದಲ ಶೋಗೇ ಆಗಿಹೋಗಿದೆಯಲ್ಲ. ನಿರ್ದೇಶಕರ ಸಂಭಾವನೆ ಕೊಟ್ಟಾಗಿದೆ, ಸೆಟ್ ಇದೆ, ಮಾತು ಬಾಯಿಪಾಠ ಇದೆ. ಲೈಟು, ಮೈಕು, ಬಾಡಿಗೆ ಬಟ್ಟೆ, ಒಂದು ಗಾಡಿ, ಇಷ್ಟೇ. ಇನ್ನು ಕೆಲವರು ಯುವಜನೋತ್ಸವದ ಸ್ಪರ್ಧೆಗೆ ಕಳಿಸ್ತೀವಲ್ಲ ಅಂತಾರೆ. ಅಲ್ಲಿ ಏಕಾಂಕಕ್ಕೆ 30 ನಿಮಿಷ, ಗಡಿಯಾರ ಹಿಡಿದು ಕೂತಿರುತ್ತಾರೆ. ಒಂದೂಕಾಲು ಗಂಟೆಯ ನಾಟಕವನ್ನು ಅರ್ಧಕ್ಕಿಂತ ಜಾಸ್ತಿ ಕತ್ತರಿಸಿ ಬಹುಮಾನಕ್ಕೆ ಆಡುವುದು ಬೇರೆ, ಊರ ಜನರ ಮುಂದೆ ಪೂರ್ತಿ ಆಡುವುದು ಬೇರೆ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಭಾಷಣ, ಸನ್ಮಾನ ಯಾವುದೂ ಇಲ್ಲದ ಒಂದು ಸಂಜೆ, ಬರೀ ನಾಟಕ. ಆಮೇಲೆ ಹರಿಹರದ ಒಂದು ಕಾಲೇಜಿನಲ್ಲಿ ಒಂದು ಶೋ. ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ ಒಂದು ಆದರೆ ಇನ್ನೂ ಒಳ್ಳೆಯದು, ಅಲ್ಲಿನ ಹುಡುಗರ ನಾಟಕ ಇಲ್ಲಿಗೆ ಬರಲಿ. ಕಂಪನಿ ನಾಟಕಗಳಿಗಾಗಿಯೇ ಇರುವ ವೃತ್ತಿ ರಂಗಭೂಮಿ ರಂಗಾಯಣವನ್ನು ಸರ್ಕಾರ ನಮ್ಮ ಜಿಲ್ಲೆಯಲ್ಲೇ ಮಾಡಿದೆ, ಅವರೂ ಮನಸ್ಸು ಮಾಡಿದರೆ ಸುಲಭ. ಶೋ ದಿನಗಳಿಗೆ ಹಾಜರಾತಿ ಕೊಡಿ, ಹಳ್ಳಿ ಹುಡುಗಿಯರನ್ನು ಮನೆ ತಲುಪಿಸಿ. ಸೆಟ್ಟಿನ ತುಂಡುಗಳು ಇನ್ನೂ ಎನ್ನೆಸ್ಸೆಸ್ ರೂಮಿನಲ್ಲೇ ಇವೆ, ಸೆಮಿಸ್ಟರ್ ಮುಗಿದರೆ ಕೊನೇ ವರ್ಷದವರು ಹೊರಟು ಹೋಗುತ್ತಾರೆ. ಮಾಡೋದಿದ್ದರೆ ಈಗಲೇ ಮಾಡಬೇಕು.

ಹಾಗೇ ನಿಮ್ಮ ಪತ್ರಿಕೆಗೂ ಒಂದು ಮಾತು. ನಾಟಕದ ಮಾರನೇ ದಿನ ನೀವು ಹಾಕಿದ ಫೋಟೋದಲ್ಲಿ ಅತಿಥಿಗಳು ದೀಪ ಹಚ್ಚುತ್ತಿದ್ದರು, ಒಬ್ಬ ನಟನೂ ಇರಲಿಲ್ಲ. ಮುಂದಿನ ಸಲ ನಾಟಕದ ದಿನವೇ 'ನಗರದಲ್ಲಿ ಇಂದು' ಅನ್ನೋ ತರದ ಕಾಲಂನಲ್ಲಿ ಎಲ್ಲಿ, ಎಷ್ಟು ಗಂಟೆಗೆ ಅಂತ ಎರಡು ಸಾಲು ಹಾಕಿ. ಜನ ಬರುತ್ತಾರೆ.

— ಒಬ್ಬ ವಿದ್ಯಾರ್ಥಿನಿಯ ತಾಯಿ, ದಾವಣಗೆರೆ