ಅವ್ವನ ಸರ ಅಡ ಇಡಬೇಡ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಚಿತ್ರ ಮೂಡಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇಲ್ಲದಿದ್ದರೆ ಎಲ್ಲರೆದುರು ಮರ್ಯಾದೆ ಹೋಗುತ್ತೆ, ಅದಕ್ಕೆ ಅವ್ವನ ಅವಲಕ್ಕಿ ಸರ ಅಡ ಇಡುತ್ತೇನೆ ಅಂತ. ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಪ್ರದರ್ಶನಕ್ಕೆ ಮಾಡುತ್ತಿರುವ ನಿನ್ನ ಕೆಲಸ ನನಗೆ ತುಂಬಾ ಹಿಡಿಸಿತು. ಪ್ರೊಜೆಕ್ಟರ್ ಬೆಳಕಲ್ಲಿ ಗೋಡೆ ತುಂಬಾ ನೂಲಿನ ಎಳೆಗಳು, ಮನುಷ್ಯ ಹತ್ತಿರ ಬಂದರೆ ಸರಿದು ದಾರಿ ಬಿಡುವುದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಕಾಟನ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದವನು ನಾನು. ಸ್ಪಿನ್ನಿಂಗ್‌ನಲ್ಲಿ ಒಂದು ಎಳೆ ತುಂಡಾದರೆ ಅಲ್ಲಿ ನಿಂತವರು ಬೆರಳಲ್ಲೇ ಹೊಸೆದು ಸೇರಿಸಿಬಿಡುತ್ತಿದ್ದರು, ಮೆಷಿನ್ ನಿಲ್ಲುತ್ತಲೇ ಇರಲಿಲ್ಲ. ಆ ಎಳೆ ನಿನ್ನ ಗೋಡೆ ಮೇಲೆ ಬರುತ್ತೆ ಅಂದರೆ ನನಗಿಂತ ಖುಷಿ ಪಡುವವರು ಯಾರಿದ್ದಾರೆ? ಆದರೆ ಸರ ಯಾಕೆ ಪುಟ್ಟಿ?

ಮಿಲ್ ಮುಚ್ಚಿದ ಮೇಲೆ ಮದುವೆ, ಸಭೆಗಳಿಗೆ ಲೈಟು, ಪ್ರೊಜೆಕ್ಟರ್ ಹಾಕಿ ಬದುಕಿದವನು ನಾನು. ಕಂಪ್ಯೂಟರ್ ವಿಷಯ ನಿನ್ನಷ್ಟು ಗೊತ್ತಿಲ್ಲ, ಆದರೂ ಹೇಳುತ್ತೇನೆ. ಕಾಲೇಜಿನವರು ಕೊಡುವ ಪ್ರೊಜೆಕ್ಟರ್ ಫುಲ್ ಎಚ್‌ಡಿ ಅಂದಿದ್ದೀಯ, ಅಂದರೆ ಅಗಲಕ್ಕೆ 1920 ಚುಕ್ಕೆ, ಎತ್ತರಕ್ಕೆ 1080 ಚುಕ್ಕೆ. ನೀನು ಹೇಳುವ 4ಕೆ ಚಿತ್ರ ಅಂದರೆ ಅದರ 4 ಪಟ್ಟು ಚುಕ್ಕೆ. ಗೋಡೆಗೆ ಬೀಳದೇ ಇರುವ ಚುಕ್ಕೆಗೆ ಅಷ್ಟು ದೊಡ್ಡ ಕಾರ್ಡ್ ಯಾಕೆ? ಕೈ ಎತ್ತಿದ ಮೇಲೆ ಎಳೆ ತಡವಾಗಿ ಸರಿಯುತ್ತೆ ಅಂತ ಬೇಜಾರು ಮಾಡಿಕೊಂಡಿದ್ದೀಯ, ಆ ತಡ ಪೂರ್ತಿ ಕಾರ್ಡಿನದೇ ಇರಲಿಕ್ಕಿಲ್ಲ. ಎದುರಿಗಿರುವವರು ಎಷ್ಟು ದೂರ ಅಂತ ಅಳೆಯುವ ಡೆಪ್ತ್ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ಕೊಡುತ್ತೆ, ಪ್ರೊಜೆಕ್ಟರ್ ಚಿತ್ರ ತಿದ್ದುವುದಕ್ಕೆ ತನ್ನ ಸಮಯ ತಗೊಳ್ಳುತ್ತೆ. ಓರೆ ಬಿದ್ದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ತೆಗೆದು ಪ್ರೊಜೆಕ್ಟರನ್ನೇ ನೇರ ಇಡು, ತಡ ಕಡಿಮೆ ಮಾಡುವ ಗೇಮ್ ಮೋಡ್ ಇದ್ದರೆ ಹಾಕು. ಆಮೇಲೂ ತಡ ಆದರೆ ಕಾರ್ಡಿನ ಮಾತಾಡೋಣ.

ಅಜ್ಜ ಪವರ್‌ಲೂಮ್ ತಂದಾಗ ಅಜ್ಜಿಯ ಬಳೆ ಅಡಕ್ಕೆ ಹೋದದ್ದು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಒಂದಿದೆ. ಮಗ್ಗದಲ್ಲಿ ಕೊರತೆ ಇರಲಿಲ್ಲ, ಬೀದಿಯಲ್ಲೇ ಒಳ್ಳೆಯ ಮಗ್ಗ ಅವು. ತ್ರೀ ಫೇಸ್ ಕರೆಂಟ್ ಇರುತ್ತಿರಲಿಲ್ಲ, ಕರೆಂಟ್ ಇದ್ದಾಗ ನೂಲಿಗೆ ದುಡ್ಡಿರುತ್ತಿರಲಿಲ್ಲ, ಎಲ್ಲಾ ಮಗ್ಗಕ್ಕೇ ಸುರಿದಾಗಿತ್ತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಹಬ್ಬದ ದಿನ ಗಾಜಿನ ಬಳೆ ತೊಟ್ಟು ಸೆರಗನ್ನು ಮುಂಗೈವರೆಗೆ ಎಳೆದುಕೊಳ್ಳುತ್ತಿದ್ದಳು. ಅವಳು ಇರುವಾಗ ಆ ಅಡ ಇಟ್ಟ ಬಳೆ ಬಿಡಿಸಿ ಕೊಡಲು ನಮ್ಮ ಕೈಲಿ ಆಗಲಿಲ್ಲ, ಇವತ್ತಿಗೂ ಕೊರೆಯುತ್ತೆ. ನಿಮ್ಮವ್ವನೂ ಹಾಗೇ, ನೀನು ಕೇಳಿದರೆ ಸುಮ್ನೆ ಬಿಚ್ಚಿ ಕೊಟ್ಟುಬಿಡುತ್ತಾಳೆ. ಅದೇ ನನಗೆ ಭಯ.

ಖರ್ಚು ಮಾಡಲೇಬೇಕು ಅಂದರೆ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸು, ಶಾಮಿಯಾನದವರ ಹತ್ತಿರ ಬಾಡಿಗೆಗೆ ಸಿಗುತ್ತೆ. ಬಿಸಿಲು ಬಿದ್ದರೆ ಗೋಡೆ ಮೇಲಿನ ಚಿತ್ರ ಪೇಲವ ಆಗುತ್ತೆ, ಡೆಪ್ತ್ ಕ್ಯಾಮೆರಾ ಬಿಸಿಲಲ್ಲೂ ಇರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಲ್ಲಿ ನೋಡುವುದರಿಂದ ಅದಕ್ಕೂ ಸರಿಯಾಗಿ ಕಾಣಲ್ಲ. ಹಳೇ ಕೈನೆಕ್ಟ್ ಡೆಪ್ತ್ ಕ್ಯಾಮೆರಾ ಕಡಿಮೆಗೆ ಸಿಗುತ್ತೆ ಅಂದಿದ್ದೀಯ, ಅದರ ತಯಾರಿಕೆ 2017ರಲ್ಲೇ ನಿಂತಿತು, ಕೆಟ್ಟರೆ ಬದಲಿ ಬೇಕಲ್ವಾ, ಎರಡು ಸಿಕ್ಕರೆ ಮಾತ್ರ ತಗೋ. ಕಂಪ್ಯೂಟರನ್ನು ಮುಚ್ಚಿದ ಡಬ್ಬದೊಳಗೆ ಇಡಬೇಡ, ನಮ್ಮೂರ ಏಪ್ರಿಲ್ ಸೆಕೆಗೆ ಕಾದು ತಾನೇ ನಿಧಾನ ಆಗುತ್ತೆ, ಸರ ಅಡ ಇಟ್ಟು ತಂದ ಕಾರ್ಡಾದರೂ ಅಷ್ಟೇ. ಇದೆಲ್ಲ ಮೊದಲೇ ಗೊತ್ತಿದ್ದರೆ ಬೇಜಾರಾಗಬೇಡ. ಪ್ರದರ್ಶನ ಮೂರೇ ದಿನ ಅಲ್ವಾ, ಕಂಪ್ಯೂಟರನ್ನೂ ಬಾಡಿಗೆಗೆ ತಗೋ. ಆ ದುಡ್ಡು ನಾನು ಕೊಡುತ್ತೇನೆ, ಸಾಲ ಅಂದುಕೊಳ್ಳಬೇಡ.

ಹಾಲ್‌ನ ಪ್ಲಗ್‌ಗಳಲ್ಲಿ ಅರ್ತಿಂಗ್ ಇದೆಯಾ ಅಂತ ಕೇಳಿದೆಯಾ? ಟೆಸ್ಟರ್ ಉರಿಯಿತು ಅಂತ ನಂಬಬೇಡ, ಅದು ಫೇಸ್ ಮಾತ್ರ ತೋರಿಸುತ್ತೆ. ನೀನು ಕೈ ಹಾಕಬೇಡ. ಸಾಮಾನು ಜೋಡಿಸುವ ಹಿಂದಿನ ದಿನ ನಾನೇ ಟೆಸ್ಟ್ ಲ್ಯಾಂಪ್ ತಗೊಂಡು ಬಂದು ಒಂದೊಂದೇ ಪ್ಲಗ್ ನೋಡುತ್ತೇನೆ. ಯಾವ ದಿನ ಅಂತ ಬರಿ.

ನಿನ್ನ
ದೊಡ್ಡಪ್ಪ