ಪೀಣ್ಯದ ಗೇಟಿನೊಳಗೆ ಒಬ್ಬರಾದರೂ ಗುರುತಿನವರಿರಲಿ

ಮಾನ್ಯ ಸಂಪಾದಕರೆ,

ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಬೆಂಗಳೂರಿನ ಕೈಗಾರಿಕಾ ಪ್ರದೇಶಗಳಾದ ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ರಸ್ತೆಗಳಲ್ಲಿ ಫೈಲು ಹಿಡಿದ ಹುಡುಗ ಹುಡುಗಿಯರು ಗೇಟಿನಿಂದ ಗೇಟಿಗೆ ಅಲೆಯುತ್ತಾರೆ. ಸೆಕ್ಯೂರಿಟಿಯವರು ರೆಸ್ಯುಮೆ ಇಸಿದುಕೊಂಡು ಕಟ್ಟಿಗೆ ಸೇರಿಸುತ್ತಾರೆ. ಆ ಕಟ್ಟನ್ನು ಬಿಚ್ಚಿ ನೋಡುವವರು ಕಡಿಮೆ. ಅದೇ ಹೊತ್ತಿನಲ್ಲಿ ಒಳಗೆ ಸೂಪರ್‌ವೈಸರ್ ಪಕ್ಕದವರನ್ನು ಕೇಳುತ್ತಿರುತ್ತಾರೆ: ‘ವಿಎಂಸಿ ಗೊತ್ತಿರೋ ಹುಡುಗರು ಯಾರಾದ್ರೂ ಇದ್ದಾರಾ?’ (ವಿಎಂಸಿ ಎಂದರೆ ಲೋಹದ ಭಾಗಗಳನ್ನು ಕೊರೆಯುವ ಕಂಪ್ಯೂಟರ್ ಚಾಲಿತ ಮಿಲ್ಲಿಂಗ್ ಯಂತ್ರ.) ಸಣ್ಣ, ಮಧ್ಯಮ ಕಾರ್ಖಾನೆಗಳಲ್ಲಿ ಎಷ್ಟೋ ಕೆಲಸಗಳು ಜಾಹೀರಾತಿನವರೆಗೆ ಹೋಗುವುದೇ ಇಲ್ಲ, ಈ ಒಂದು ಪ್ರಶ್ನೆಗೆ ಸಿಕ್ಕ ಉತ್ತರದಲ್ಲೇ ಭರ್ತಿಯಾಗುತ್ತವೆ. ಚಿಕ್ಕಪ್ಪನೋ ಮಾವನೋ ಕಾರ್ಖಾನೆಯಲ್ಲಿರುವ ಮಕ್ಕಳ ಹೆಸರು ಆಗ ತಾನಾಗಿ ಬರುತ್ತದೆ. ಬೇಸಾಯದ ಮನೆಯಿಂದ, ಕೂಲಿಯ ಮನೆಯಿಂದ ಮೊದಲ ಸಲ ಡಿಪ್ಲೊಮಾ ಮುಗಿಸಿ ಬಂದವರ ಹೆಸರು ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ನಮ್ಮಲ್ಲಿ ಇದನ್ನೆಲ್ಲ ‘ವಶೀಲಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದ್ದರಿಂದ ಪ್ರಾಮಾಣಿಕ ಹುಡುಗರು ಯಾರನ್ನೂ ಕೇಳದೆ ದೂರ ಉಳಿಯುತ್ತಾರೆ. ವಶೀಲಿ ಎಂದರೆ ಅರ್ಹತೆಯನ್ನು ದಾಟಿ ಒಳಗೆ ನುಗ್ಗುವುದು. ಪರಿಚಯ ಎಂದರೆ ನಿಮಗೆ ಏನು ಬರುತ್ತದೆ ಎಂಬುದು ನಾಲ್ಕು ಜನರಿಗೆ ಗೊತ್ತಿರುವುದು. ಎರಡನೆಯದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಅದನ್ನು ಮನೆತನದ ಬಲವಿಲ್ಲದೆಯೂ ಕಟ್ಟಿಕೊಳ್ಳಬಹುದು.

ಆಪ್ತರಿಂದಲೇ ಕೆಲಸ ಸಿಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಿಚಯದವರ ಮೂಲಕ ಕೆಲಸ ಪಡೆದ 54 ಮಂದಿಯ ಲೆಕ್ಕವಿದೆ. ಅವರಲ್ಲಿ ಶೇ 16.7ರಷ್ಟು ಜನರಿಗೆ ಮಾತ್ರ ಆ ಪರಿಚಯದವರು ಪದೇಪದೇ ಸಿಗುತ್ತಿದ್ದವರು. ಶೇ 55.6ರಷ್ಟು ಜನರಿಗೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದವರು, ಶೇ 27.8ರಷ್ಟು ಜನರಿಗೆ ವರ್ಷಕ್ಕೊಮ್ಮೆಯೂ ಕಷ್ಟದಲ್ಲಿ ಸಿಗುತ್ತಿದ್ದವರು. ಲೆಕ್ಕ ಚಿಕ್ಕದು, ಊರು ಬೇರೆ. ಆದರೆ ಕಾರಣ ನಮಗೂ ಅನ್ವಯಿಸುತ್ತದೆ: ರೂಮಿನ ಗೆಳೆಯನಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಜಾಗದಲ್ಲಿ ಓಡಾಡುವವರಿಂದ.

ಯಂತ್ರೋದ್ಯಮದಲ್ಲಿ ಹಾಗೆ ಓಡಾಡುವವರು ಯಾರು? ಎಚ್‌ಆರ್ ವಿಭಾಗದವರೆಂದು ಹೊಸಬರು ಭಾವಿಸುತ್ತಾರೆ. ನಿಜವಾಗಿ ನೋಡಿದರೆ, ಸಿಎನ್‌ಸಿ (ಕಂಪ್ಯೂಟರ್ ಚಾಲಿತ) ಯಂತ್ರ ಕೆಟ್ಟಾಗ ಬರುವ ಸರ್ವಿಸ್ ಎಂಜಿನಿಯರ್, ಇನ್ಸರ್ಟ್ (ಲೋಹ ಕತ್ತರಿಸುವ, ಬದಲಿಸಬಹುದಾದ ಅಲಗು) ಮತ್ತು ಟೂಲ್ ಮಾರುವ ಕಂಪನಿಯ ಅಪ್ಲಿಕೇಶನ್ ಎಂಜಿನಿಯರ್, ಗೇಜ್‌ಗಳನ್ನು ಕ್ಯಾಲಿಬ್ರೇಶನ್‌ಗೆ ಒಯ್ಯುವವರು, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್‌ನಂಥ ಜಾಬ್‌ವರ್ಕ್ ಮಾಡುವವರು. ಇವರು ಒಂದೇ ವಾರದಲ್ಲಿ ಹತ್ತಾರು ಕಾರ್ಖಾನೆಗಳ ಶಾಪ್‌ಗಳಿಗೆ ಹೋಗಿಬರುತ್ತಾರೆ. ಎಲ್ಲಿ ಹೊಸ ಯಂತ್ರ ಇಳಿದಿದೆ, ಎಲ್ಲಿ ಎರಡನೇ ಶಿಫ್ಟ್ ಶುರುವಾಗುತ್ತಿದೆ, ಎಲ್ಲಿ ಸಂಬಳ ತಡವಾಗುತ್ತಿದೆ ಎಂಬುದು ಇವರಿಗೆ ತಿಳಿದಿರುತ್ತದೆ. ಹೊಸ ಯಂತ್ರ ಇಳಿದ ಕಡೆ ಆಪರೇಟರ್, ಸೆಟ್ಟರ್, ಪ್ರೋಗ್ರಾಮರ್ ಬೇಕಾಗುತ್ತಾರೆ. ಅದು ಜಾಬ್ ಪೋರ್ಟಲ್‌ನಲ್ಲಿ ಕಾಣುವ ಹೊತ್ತಿಗೆ ಎಷ್ಟೋ ಸಲ ಜಾಗ ತುಂಬಿರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಇಂಥವರು ಬಂದಾಗ ಪಕ್ಕದಲ್ಲಿ ನಿಂತು, ಸ್ಪ್ಯಾನರ್ ಕೊಟ್ಟು, ಅಲಾರಂ ಏಕೆ ಬಂತು ಎಂದು ಕೇಳಿ ತಿಳಿದುಕೊಳ್ಳುವ ಹುಡುಗನನ್ನು ಅವರು ಮರೆಯುವುದಿಲ್ಲ.

ಅಪ್ರೆಂಟಿಸ್ ಅವಧಿ ಇದಕ್ಕೆ ಹೇಳಿ ಮಾಡಿಸಿದ ಸಮಯ. 1961ರ ಶಿಶಿಕ್ಷು (ಅಪ್ರೆಂಟಿಸ್) ಕಾಯ್ದೆಯಡಿ ಪದವೀಧರರಿಗೆ, ಡಿಪ್ಲೊಮಾ ಮುಗಿಸಿದವರಿಗೆ ಒಂದು ವರ್ಷದ ತರಬೇತಿ ಸಿಗುತ್ತದೆ. ಬಹುತೇಕರು ಆ ವರ್ಷವನ್ನು ಒಂದೇ ವಿಭಾಗದಲ್ಲಿ, ಒಂದೇ ಯಂತ್ರದ ಮುಂದೆ ಕಳೆಯುತ್ತಾರೆ. ಮೂರು ತಿಂಗಳಿಗೊಮ್ಮೆಯಾದರೂ ವಿಭಾಗ ಬದಲಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಬೇಕು: ಮಷೀನ್ ಶಾಪ್, ಗುಣಮಟ್ಟ ವಿಭಾಗ, ಮೇಂಟೆನೆನ್ಸ್, ಸ್ಟೋರ್ಸ್. ಹತ್ತನೇ ತಿಂಗಳಲ್ಲಿ ಇಬ್ಬರು ಹಿರಿಯರ ಹತ್ತಿರ, ‘ಮುಂದೆ ಯಾರಾದರೂ ವಿಚಾರಿಸಿದರೆ ನಿಮ್ಮ ಹೆಸರು ಕೊಡಬಹುದೇ ಸರ್?’ ಎಂದು ಅನುಮತಿ ಪಡೆಯಬೇಕು. ತರಬೇತಿ ಮುಗಿದು ಆರು ತಿಂಗಳಾದ ಮೇಲೆ ಕೇಳಿದರೆ ಅವರಿಗೆ ನಿಮ್ಮ ಮುಖ ನೆನಪಾಗಬಹುದು, ಕೆಲಸ ನೆನಪಾಗುವುದು ಕಷ್ಟ.

ಇನ್ನು ಅಪರಿಚಿತರಿಗೆ ಬರೆಯುವ ಮೊದಲ ಸಂದೇಶ. ಹೆಚ್ಚಿನವರು ಎಡವುವುದು ಇಲ್ಲೇ. ‘ಸರ್ ಎನಿ ವೇಕೆನ್ಸಿ ಪ್ಲೀಸ್’ ಎಂಬ ಸಂದೇಶಕ್ಕೆ ಉತ್ತರ ಬಾರದಿರಲು ಆ ಹಿರಿಯರ ಅಹಂಕಾರ ಕಾರಣವಲ್ಲ. ಕಳಿಸಿದವರ ಬ್ರಾಂಚ್ ಯಾವುದು, ವರ್ಷ ಯಾವುದು, ಯಾವ ಯಂತ್ರ ಬರುತ್ತದೆ ಎಂದು ಕೆದಕಿ ಕೇಳುವ ಕೆಲಸವನ್ನು ಆ ಸಂದೇಶ ಓದುವವರ ತಲೆಗೇ ಕಟ್ಟುತ್ತದೆ. ಐದು ಸಾಲು ಸಾಕು. ನಾನು ಯಾರು, ಯಾವ ಕಾಲೇಜು, ಯಾವ ವರ್ಷ. ನಿಮ್ಮ ಹೆಸರು ನನಗೆ ಹೇಗೆ ಸಿಕ್ಕಿತು. ನನಗೆ ಏನು ಬರುತ್ತದೆ. ಒಂದೇ ಒಂದು ಖಚಿತ ಪ್ರಶ್ನೆ. ಹತ್ತು ನಿಮಿಷ ಮಾತನಾಡಲು ಯಾವ ಹೊತ್ತು ಅನುಕೂಲ. ಉದಾಹರಣೆಗೆ: ‘ಫ್ಯಾನುಕ್ ಕಂಟ್ರೋಲ್‌ನಲ್ಲಿ ಟರ್ನಿಂಗ್ ಪ್ರೋಗ್ರಾಂ ಬರೆಯುತ್ತೇನೆ, ಮಿಲ್ಲಿಂಗ್ ಕಲಿಯಬೇಕು. ನಿಮ್ಮ ಕಡೆ ಸೀಮೆನ್ಸ್ ಹೆಚ್ಚೋ ಫ್ಯಾನುಕ್ ಹೆಚ್ಚೋ, ಮೊದಲು ಯಾವುದು ಕಲಿಯಲಿ?’ (ಫ್ಯಾನುಕ್, ಸೀಮೆನ್ಸ್ ಎರಡೂ ಇಂಥ ಯಂತ್ರಗಳ ಕಂಟ್ರೋಲ್ ತಯಾರಿಸುವ ಕಂಪನಿಗಳು.) ಇಂಥ ಪ್ರಶ್ನೆಗೆ ಶಾಪ್‌ನಲ್ಲಿರುವವರು ಖುಷಿಯಿಂದ ಉತ್ತರಿಸುತ್ತಾರೆ. ಕನ್ನಡದಲ್ಲೇ ಬರೆದರೂ ತಪ್ಪಿಲ್ಲ, ಓದುವವರಿಗೆ ಕನ್ನಡ ಗೊತ್ತಿದ್ದರೆ ಸಾಕು. ಮೊದಲ ಸಂದೇಶದಲ್ಲೇ ರೆಸ್ಯುಮೆ ತುರುಕಬೇಡಿ, ಕೇಳಿದಾಗ ಕಳಿಸಿ. ಒಂದೇ ಪುಟ, ಪಿಡಿಎಫ್, ಫೈಲಿಗೆ ನಿಮ್ಮ ಹೆಸರು ಮತ್ತು ಬ್ರಾಂಚ್ ಇರಲಿ. ‘ಹೊಸ ರೆಸ್ಯುಮೆ ಫೈನಲ್ 2’ ಎಂಬ ಹೆಸರಿನ ಫೈಲನ್ನು ಮತ್ತೊಬ್ಬರಿಗೆ ಕಳಿಸಲು ಹುಡುಕಿದರೆ ಸಿಗುವುದಿಲ್ಲ.

ಹೊತ್ತು ನೋಡಿ ಫೋನ್ ಮಾಡಬೇಕು. ಶಿಫ್ಟ್ ಶುರುವಾಗುವ ಬೆಳಗಿನ ಹೊತ್ತು, ಸೋಮವಾರದ ಪ್ರೊಡಕ್ಷನ್ ಮೀಟಿಂಗ್, ಡಿಸ್ಪ್ಯಾಚ್ ಒತ್ತಡದ ತಿಂಗಳ ಕೊನೆಯ ನಾಲ್ಕೈದು ದಿನ ಬೇಡ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ, ಮತ್ತೆ ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ನಿಲ್ಲಿಸಿ.

ಲಿಂಕ್ಡ್‌ಇನ್‌ನಲ್ಲಿ ಸಾವಿರ ಜನರನ್ನು ಸೇರಿಸಿಕೊಳ್ಳುವುದಕ್ಕಿಂತ ನಿಮ್ಮ ಕಾಲೇಜಿನ ಪುಟದಲ್ಲಿರುವ ಹಳೆಯ ವಿದ್ಯಾರ್ಥಿಗಳ ವಿಭಾಗ ತೆರೆಯುವುದು ಮೇಲು. ಯಾವ ಊರು, ಯಾವ ಕಂಪನಿ, ಯಾವ ಕೆಲಸ ಎಂದು ಅಲ್ಲಿ ಸೋಸಿ ನೋಡಬಹುದು. ಮೊದಲ ಎರಡು ವರ್ಷಕ್ಕೆ ಮೂವತ್ತು ನಲವತ್ತು ಜನರ ಪಟ್ಟಿ ಧಾರಾಳ. ಒಂದು ನೋಟ್‌ಬುಕ್‌ನಲ್ಲಿ ಹೆಸರು, ಜಾಗ, ಭೇಟಿಯ ದಿನಾಂಕ, ಏನು ಮಾತಾಯಿತು ಎಂದು ಬರೆದಿಡಿ. ವರ್ಷಕ್ಕೆ ಎರಡು ಮೂರು ಸಲ ಅವರಿಗೆ ಉಪಯೋಗವಾಗುವ ಸುದ್ದಿ ಕಳಿಸಿ. ಹೊಸಬರ ಬಳಿ ಕೊಡಲು ಏನೂ ಇಲ್ಲ ಎನ್ನುವುದು ಸುಳ್ಳು: ಜೂನಿಯರ್‌ಗಳಲ್ಲಿ ಡ್ರಾಯಿಂಗ್ ಚೆನ್ನಾಗಿ ಓದುವವರು ಯಾರು ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಾಟ್ಸ್‌ಆ್ಯಪ್ ಜಾಬ್ ಗ್ರೂಪುಗಳನ್ನು ಮಾತ್ರ ಬಳಗವೆಂದು ತಿಳಿಯಬೇಡಿ. ನೋಂದಣಿ ಶುಲ್ಕ, ಯೂನಿಫಾರ್ಮ್ ಡೆಪಾಸಿಟ್ ಎಂದು ಯಾರು ಹಣ ಕೇಳಿದರೂ ಅಲ್ಲಿಗೆ ಮಾತು ಮುಗಿಸಿ.

ತುಮಕೂರು ರಸ್ತೆಯ ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ (ಬಿಐಇಸಿ) ಜನವರಿಯಲ್ಲಿ ಇಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನ ನಡೆಯುತ್ತದೆ. ಇತ್ತೀಚೆಗೆ ಬೆಸ ಸಂಖ್ಯೆಯ ವರ್ಷಗಳಲ್ಲಿ ಮೆಟಲ್ ಕಟಿಂಗ್, ಸಮ ಸಂಖ್ಯೆಯ ವರ್ಷಗಳಲ್ಲಿ ಫಾರ್ಮಿಂಗ್ (ಲೋಹವನ್ನು ಒತ್ತಿ, ಬಾಗಿಸಿ ಆಕಾರ ಕೊಡುವುದು). 2024ರ ನವೆಂಬರ್‌ನಿಂದ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೆ ಓಡುತ್ತಿರುವುದರಿಂದ ಹೋಗಿಬರುವುದೂ ಸುಲಭ. ವಿದ್ಯಾರ್ಥಿಗಳ ಪ್ರವೇಶ ನಿಯಮವನ್ನು ಮೊದಲೇ ನೋಡಿಕೊಂಡು ನೋಂದಾಯಿಸಬೇಕು. ಚೀಲ ತುಂಬ ಬ್ರೋಷರ್ ಹೊತ್ತು ಬರುವುದರಿಂದ ಪ್ರಯೋಜನವಿಲ್ಲ. ಹತ್ತು ಹನ್ನೆರಡು ಸ್ಟಾಲ್ ಆರಿಸಿಕೊಳ್ಳಿ. ಮೊದಲ ದಿನಗಳಲ್ಲಿ ಅವರ ಗಮನ ಖರೀದಿದಾರರ ಮೇಲಿರುತ್ತದೆ, ಕೊನೆಯ ದಿನಗಳ ಮಧ್ಯಾಹ್ನ ಹೋಗಿ. ಮುಂದೆ ಕುಳಿತವರನ್ನು ಬಿಟ್ಟು, ಯಂತ್ರ ಓಡಿಸುತ್ತಿರುವವರನ್ನು ಕೇಳಿ: ಸ್ಟೇನ್‌ಲೆಸ್ ಸ್ಟೀಲ್ ಟರ್ನಿಂಗ್‌ನಲ್ಲಿ ಚಿಪ್ (ಕತ್ತರಿಸಿ ಬರುವ ಲೋಹದ ಸುರುಳಿ) ಸುತ್ತಿಕೊಂಡರೆ ಫೀಡ್ ಏರಿಸಬೇಕೋ ಚಿಪ್‌ಬ್ರೇಕರ್ ಬದಲಿಸಬೇಕೋ? ಸಿಕ್ಕ ವಿಸಿಟಿಂಗ್ ಕಾರ್ಡಿನ ಹಿಂದೆ ಅಂದೇ ಸಂಜೆ ಮಾತಿನ ವಿಷಯ ಬರೆದಿಟ್ಟು, ಎರಡು ದಿನದೊಳಗೆ ಅದನ್ನೇ ನೆನಪಿಸಿ ಒಂದು ಸಂದೇಶ ಕಳಿಸಿ.

ಕಟ್ಟಿದ ಬಳಗ ಮುರಿಯುವುದು ಎರಡು ಕಡೆ. ಒಂದು, ಗ್ರಾಹಕರ ಡ್ರಾಯಿಂಗ್, ಬಿಡಿಭಾಗದ ಫೋಟೊವನ್ನು ಉತ್ಸಾಹದಿಂದ ಜಾಲತಾಣಕ್ಕೆ ಹಾಕುವುದು. ವಿಮಾನ, ರಕ್ಷಣಾ ಕ್ಷೇತ್ರಕ್ಕೆ ಬಿಡಿಭಾಗ ಮಾಡುವಲ್ಲಿ ಇದರಿಂದ ಕೆಲಸವೇ ಹೋಗಬಹುದು. ಇನ್ನೊಂದು, ಯಾರದೋ ಮಾತಿನ ಮೇಲೆ ಸೇರಿ ಹದಿನೈದು ದಿನಕ್ಕೆ ಹೇಳದೆ ಕೇಳದೆ ಬಿಟ್ಟುಹೋಗುವುದು. ಆಗ ಶಿಫಾರಸು ಮಾಡಿದವರ ಮಾತಿಗೆ ಬೆಲೆ ಹೋಗುತ್ತದೆ, ನಿಮ್ಮ ಕಾಲೇಜಿನ ಮುಂದಿನ ಬ್ಯಾಚಿಗೂ ಆ ಬಾಗಿಲು ಮುಚ್ಚುತ್ತದೆ. ಬಿಡಬೇಕಾದರೆ ಮೊದಲು ಅವರಿಗೆ ಫೋನ್ ಮಾಡಿ ಹೇಳಿ. ಕೆಲಸ ಸಿಗದಿದ್ದರೂ ಸಂದರ್ಶನ ಏನಾಯಿತೆಂದು ತಿಳಿಸಿ.

ಹೆಣ್ಣುಮಕ್ಕಳಿಗೆ ‘ಧೈರ್ಯವಾಗಿ ಮಾತಾಡಿಸು’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಭೇಟಿ ಕಚೇರಿಯಲ್ಲೋ ಕಾಲೇಜಿನಲ್ಲೋ ಹಗಲಿನಲ್ಲಿ ಇರಲಿ, ಜೊತೆಗೆ ಸಹಪಾಠಿ ಬರಲಿ, ಮೊದಲ ಸಂಪರ್ಕ ಇಮೇಲ್‌ನಲ್ಲಿ ನಡೆಯಲಿ. ಆ ಕಾರ್ಖಾನೆಯಲ್ಲಿ ಹೆಂಗಸರಿಗೆ ಶೌಚಾಲಯ, ಎರಡನೇ ಶಿಫ್ಟ್‌ಗೆ ವಾಹನ ಇದೆಯೇ ಎಂಬುದನ್ನು ಅಲ್ಲಿ ದುಡಿಯುವ ಅಕ್ಕಂದಿರೇ ನೇರವಾಗಿ ಹೇಳಬಲ್ಲರು. ಅವರ ಹೆಸರುಗಳು ಪಟ್ಟಿಯಲ್ಲಿ ಮೊದಲಿರಬೇಕು.

ಆ ಪಟ್ಟಿ ಮಾಡಿಕೊಡುವುದು ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಕೆಲಸ. ಎಂಜಿನಿಯರಿಂಗ್ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೆ ಜಾಗವಿದೆ, ಹಾಗಾಗಿ ಅಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಕಡತದಲ್ಲಿರುತ್ತದೆ. ಬೇಕಾಗಿರುವುದು ಪೀಣ್ಯ, ದಾಬಸ್‌ಪೇಟೆ, ವಸಂತನರಸಾಪುರ, ಮಾಚೇನಹಳ್ಳಿ, ಬೈಕಂಪಾಡಿ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ ಎಂದು ಕೈಗಾರಿಕಾ ಪ್ರದೇಶವಾರು ಹೆಸರು, ಕೆಲಸ, ಮಾತನಾಡಲು ಒಪ್ಪಿರುವ ಸಮಯ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿರುವುದರಿಂದ ಪ್ರತಿಯೊಬ್ಬರ ಒಪ್ಪಿಗೆ ಪಡೆದೇ ನಂಬರ್ ಸೇರಿಸಬೇಕು. ಒಬ್ಬ ಉಪನ್ಯಾಸಕರಿಗೆ ವಾರಕ್ಕೆ ಎರಡು ಗಂಟೆ ಬಿಡುವು ಕೊಟ್ಟರೆ ಒಂದು ವರ್ಷದಲ್ಲಿ ಇಂಥ ಪಟ್ಟಿ ಸಿದ್ಧವಾಗುತ್ತದೆ. ಅದು ಕೊನೆಯ ಸೆಮಿಸ್ಟರ್‌ಗೆ ಮೊದಲೇ ವಿದ್ಯಾರ್ಥಿಗಳ ಕೈಗೆ ಸಿಗಬೇಕು. ತಾಂತ್ರಿಕ ಶಿಕ್ಷಣ ಇಲಾಖೆ ಈ ಶೈಕ್ಷಣಿಕ ವರ್ಷದಲ್ಲೇ ಸರ್ಕಾರಿ ಪಾಲಿಟೆಕ್ನಿಕ್‌ಗಳಿಂದ ಇದನ್ನು ಆರಂಭಿಸಲಿ.

– ಯಂತ್ರೋದ್ಯಮದಲ್ಲಿ ತರಬೇತಿ ಮತ್ತು ನೇಮಕಾತಿ ನೋಡಿಕೊಳ್ಳುವ ಓದುಗರು, ಬೆಂಗಳೂರು